ಕೆಂಚನಟ್ಟಿಯ ನಾಕೈದು ಕುರಿಗಳು

ಮೇಲ್ಮನೆಯಲ್ಲಿ ಸದಸ್ಯರು ಎದ್ದು ನಿಂತು ಪ್ರಶ್ನೆ ಕೇಳುತ್ತಾರೆ, ಸಚಿವರು ಎದ್ದು ನಿಂತು ಉತ್ತರ ಕೊಡುತ್ತಾರೆ. ಅದನ್ನು ಟಿವಿಯಲ್ಲಿ ನೋಡಿ, ಸಚಿವರಿಗೆ ಎಷ್ಟೆಲ್ಲ ಗೊತ್ತಿದೆಯಲ್ಲ ಎಂದು ನಾವು ತಲೆದೂಗುತ್ತೇವೆ. ಆ ಗೊತ್ತಿರುವುದೆಲ್ಲ ಯಾವುದೋ ಊರಿನ ಯಾವುದೋ ಕಚೇರಿಯ ಮೂಲೆಯ ಮೇಜಿನಿಂದ ಹೋಗಿರುತ್ತದೆ. ಈ ಕತೆಯ ಮಟ್ಟಿಗೆ ಊರು ಗೋಕಾಕ, ಮೂಲೆಯ ಮೇಜು ಭೀಮಶಿಯದು.

ಭೀಮಶಿ ದನಕರು, ಕುರಿ, ಕೋಳಿಗಳ ಯೋಗಕ್ಷೇಮ ನೋಡುವ ಇಲಾಖೆಯಲ್ಲಿ ಗುಮಾಸ್ತ. ಹನ್ನೊಂದು ವರ್ಷದ ನೌಕರಿಯಲ್ಲಿ ಅವನಿಗೆ ಒಂದು ವಿದ್ಯೆ ಚೆನ್ನಾಗಿ ಕೈವಶವಾಗಿತ್ತು. ಸದನದ ಪ್ರಶ್ನೆ ಎಷ್ಟೇ ಉದ್ದವಿರಲಿ, ಉತ್ತರಕ್ಕೆ ಮೂರು ಮಾತು ಸಾಕು. ಇಂಥ ವಿಷಯ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದರೆ "ಬಂದಿದೆ". ಬಂದಿದ್ದರೆ ಏನು ಮಾಡಿದ್ದೀರಿ ಎಂದರೆ "ಪರಿಶೀಲನೆಯಲ್ಲಿದೆ". ಏನೂ ಮಾಡುವ ಮನಸ್ಸಿಲ್ಲದಿದ್ದರೆ "ಉದ್ಭವಿಸುವುದಿಲ್ಲ". ಈ ಮೂರನೆಯದರ ಮೇಲೆ ಅವನಿಗೆ ವಿಶೇಷ ಪ್ರೀತಿ. ಸಂತೆಗೆ ಹೋಗಿ ಬರುತ್ತೀರಾ ಎಂದು ಹೆಂಡತಿ ಮಾಯಾ ಕೇಳಿದರೂ ಒಮ್ಮೊಮ್ಮೆ ಅವನ ಬಾಯಿಗೆ ಅದೇ ಬರುತ್ತಿತ್ತು. ಹಾಗೆಂದ ದಿನ ಅವನೇ ಸಂತೆಗೆ ಹೋಗುತ್ತಿದ್ದ ಎಂಬುದು ಬೇರೆ ಮಾತು.

ಆ ಡಿಸೆಂಬರಿನ ಸೋಮವಾರ ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ ಶುರುವಾಯಿತು. ಹನ್ನೊಂದು ಗಂಟೆಗೆ ಕಚೇರಿಯ ಮುಖ್ಯಸ್ಥರಾದ ಉದ್ದಪ್ಪ ಸಾಹೇಬರು ಒಂದು ಹಾಳೆ ಹಿಡಿದುಕೊಂಡು ಮೂಲೆಗೆ ಬಂದರು.

"ಭೀಮಶಿ, ಚುಕ್ಕಿ ಗುರ್ತಿನ ಪ್ರಶ್ನೆ ಬಂದೈತಿ. ಸಚಿವರು ಸದನದಾಗ ನಿಂತು ಉತ್ತರಾ ಕೊಡೂವಂಥಾದ್ದು. ನಾಕ ಗಂಟೆಕ್ಕ ಬೆಳಗಾವಿಗೆ ಹೋಗಬೇಕು ನೋಡು."

ಪ್ರಶ್ನೆ ಕೇಳಿದವರು ಮೇಲ್ಮನೆ ಸದಸ್ಯ ರಾವಸಾಹೇಬರು. ಮೂಡಲಗಿ ತಾಲೂಕಿನ ಕೆಂಚನಟ್ಟಿ ಗ್ರಾಮದಲ್ಲಿ ಸಾವಿರಾರು ಕುರಿಗಳಿದ್ದು, ಅವುಗಳಿಗೆ ಬೇನೆ ಬಂದರೆ ನೋಡಲು ವೈದ್ಯರಿಲ್ಲದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದರೆ ಅಲ್ಲಿ ಪಶು ಚಿಕಿತ್ಸಾ ಕೇಂದ್ರವನ್ನು ಯಾವಾಗ ತೆರೆಯಲಾಗುವುದು?

ಕೆಂಚನಟ್ಟಿ ಎಂದು ಓದಿದ ಕೂಡಲೇ ಭೀಮಶಿಯ ಕೈ ಮೀಸೆಗೆ ಹೋಯಿತು. ಅದು ಮಾಯಾಳ ತವರು. ಅತ್ತೆ ಹಣಮವ್ವ ಬರೀ ಹೆಂಡತಿಯ ತಾಯಿಯಲ್ಲ, ಅವನ ತಂದೆಯ ಒಡಹುಟ್ಟಿದ ತಂಗಿ. ಅವನು ಚಡ್ಡಿ ಹಾಕಲು ಕಲಿಯುವ ಮೊದಲಿನಿಂದ ಅವನನ್ನು ಬಲ್ಲವಳು. ಹಾಗಾಗಿ ಅಳಿಯನಾದ ಮೇಲೂ ಆ ಮನೆಯಲ್ಲಿ ಅವನಿಗೆ ಬಹುವಚನ ಸಿಕ್ಕಿರಲಿಲ್ಲ.

ಉತ್ತರವೇನೋ ಸುಲಭವಾಗಿತ್ತು. ಇಲಾಖೆಯ ನಿಯಮದಂತೆ ಕೇಂದ್ರ ಬೇಕಾದರೆ ಊರಲ್ಲಿ ಎರಡು ಸಾವಿರ ಕುರಿಗಳಾದರೂ ಇರಬೇಕು. ಭೀಮಶಿ ಹೋದ ವರ್ಷದ ಜಾನುವಾರು ಗಣತಿಯ ಪಟ್ಟಿ ತೆರೆದ. ಕೆಂಚನಟ್ಟಿ, ಕುರಿಗಳು, ಇನ್ನೂರ ಹದಿನಾಲ್ಕು.

ಈ ಇನ್ನೂರ ಹದಿನಾಲ್ಕು ಎಲ್ಲಿಂದ ಬಂತು ಎಂದು ಅವನಿಗೆ ಬೇರೆಯವರು ಹೇಳಬೇಕಿರಲಿಲ್ಲ. ಆ ಊರಿಗೆ ಗಣತಿಗೆ ಹೋದವನು ಅವನೇ. ಕುರಿ ಸಾಕುವ ಮನೆಗಳಲ್ಲಿ ಕುರಿಯನ್ನು ಎಣಿಸುವುದಿಲ್ಲ, ಎಣಿಸಿದರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಹಿಂಡಿಗೆ ದೃಷ್ಟಿ ತಾಗಿ ಬೇನೆ ಬೀಳುತ್ತದೆ ಎಂದು ನಂಬಿಕೆ. ಭೀಮಶಿಯೂ ಅಂಥದೇ ಮನೆಯ ಮಗ. ಆದರೂ ಸರ್ಕಾರಿ ಕೆಲಸವೆಂದು ಮೊಬೈಲು ಹಿಡಿದು ಅತ್ತೆಯ ಅಂಗಳದಲ್ಲಿ ನಿಂತು ಕೇಳಿದ್ದ.

"ಅತ್ತಿ, ಕುರಿ ಎಷ್ಟ ಅದಾವ?"

"ಏನೋಪಾ, ನಾಕೈದು ಅದಾವ."

ಹಿಂದಿನ ಹಟ್ಟಿಯಲ್ಲಿ ಆ ನಾಕೈದು ಕುರಿಗಳು ಒಟ್ಟಿಗೆ ಅರಚಿ, ಇವರಿಬ್ಬರ ಮಾತು ಒಬ್ಬರಿಗೊಬ್ಬರಿಗೆ ಕೇಳದ ಹಾಗೆ ಮಾಡಿದ್ದವು. ಭೀಮಶಿ ಐದು ಎಂದು ಒತ್ತಿ, ಚಹಾ ಕುಡಿದು ಪಕ್ಕದ ಮನೆಗೆ ಹೋದ. ಅಲ್ಲಿಯೂ ನಾಕೈದು, ಅದರಾಚೆಯೂ ನಾಕೈದು. ಹಟ್ಟಿಯ ಬಾಗಿಲಲ್ಲಿ ನಿಂತು ಅತ್ತೆಯ ಕುರಿಗಳಿಗೆ ಬೆರಳು ಮಾಡಿ ಎಣಿಸುವಷ್ಟು ಗಂಡೆದೆ ಅವನಿಗಿರಲಿಲ್ಲ. ನನ್ನನ್ನು ಕೇಳಿದರೆ ಯಾವ ಅಳಿಯನಿಗೂ ಇರಲಿಕ್ಕಿಲ್ಲ.

ಈಗ ಅದೇ ಅಂಕಿಯನ್ನು ಎತ್ತಿ ಉತ್ತರದಲ್ಲಿ ಕೂರಿಸಿದ. ಸದರಿ ಗ್ರಾಮದಲ್ಲಿ ಇನ್ನೂರ ಹದಿನಾಲ್ಕು ಕುರಿಗಳು ಮಾತ್ರ ಇರುತ್ತವೆ. ಕೇಂದ್ರ ತೆರೆಯುವ ಪ್ರಶ್ನೆ ಉದ್ಭವಿಸುವುದಿಲ್ಲ. ಒಳಗೆಲ್ಲೋ ಸ್ವಲ್ಪ ಕಸಿವಿಸಿಯಾಯಿತು. ಆದರೆ ಕಾಗದದಲ್ಲಿರುವುದನ್ನೇ ಕಾಗದಕ್ಕೆ ಬರೆದಿದ್ದೇನೆ, ಇದರಲ್ಲಿ ನನ್ನದೇನಿದೆ ಎಂದು ಸಮಾಧಾನ ಮಾಡಿಕೊಂಡು ಮೂರೂವರೆಗೇ ಕಳಿಸಿಬಿಟ್ಟ.

ಸಂಜೆ ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಮಾಯಾಳಿಗೆ ಹೇಳಿದ, "ಇವತ್ತ ನಿಮ್ಮೂರ ಮ್ಯಾಲ ಪ್ರಶ್ನೆ ಬಂದಿತ್ತು. ಯಾವನೋ ಪುಣ್ಯಾತ್ಮ ರಾವಸಾಹೇಬರ ತಲ್ಯಾಗ ಹುಳಾ ಬಿಟ್ಟಾನ."

ಮಾಯಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಪುಣ್ಯಾತ್ಮ ಅಲ್ರಿ. ಅವ್ವ."

ರಾವಸಾಹೇಬರು ಮೂಡಲಗಿಗೆ ಯಾವುದೋ ಉದ್ಘಾಟನೆಗೆ ಬಂದಾಗ ಹಣಮವ್ವ ಅವರ ಗಾಡಿಗೆ ಅಡ್ಡ ನಿಂತಿದ್ದಳಂತೆ. ಬರೆದು ಕೊಡವ್ವಾ ಎಂದು ಅವರು ಹೇಳಿ ತಪ್ಪಿಸಿಕೊಳ್ಳಲು ನೋಡಿದರೆ, ಮಾರನೆಯ ದಿನವೇ ಬರೆಸಿಕೊಂಡು ಅವರ ಮನೆಗೆ ಹೋಗಿದ್ದಳಂತೆ.

"ಬರದಾಕಿ ನಾನ," ಎಂದಳು ಮಾಯಾ.

"ಅಂದ್ರ ಪ್ರಶ್ನೆ ಬರದಾಕಿ ನೀ, ಉತ್ತರಾ ಬರದಾಂವ ನಾ?"

"ಹೂಂ. ಈ ಅಡಗಿಮನ್ಯಾಗ ಮುಗಿಯೂ ಮಾತು ಬೆಳಗಾವಿತನಾ ಹೋತು. ಏನ್ ಉತ್ತರಾ ಬರದ್ರಿ?"

ಭೀಮಶಿ ಹೇಳಿದ. ಮಾಯಾ ರೊಟ್ಟಿಯನ್ನು ಹಂಚಿನ ಮೇಲೆ ಒಗೆದ ರೀತಿಯಲ್ಲೇ ಅವನಿಗೆ ಎಲ್ಲ ತಿಳಿಯಿತು.

"ಮಳಿಗಾಲದಾಗ ಅವ್ವನ ಧುಪದಾಳಿ ಸತ್ತದ್ದು ನೆನಪೈತೇನ್ರಿ?" ಎಂದಳು. "ಡಾಕ್ಟರ್ ಬರ್ತಾರಂತ ಎರಡ ದಿನಾ ಹಾದಿ ನೋಡಿದ್ರು. ಪಾಪ, ಅವ್ರ ಒಬ್ಬರಿಗೆ ಹತ್ತೊಂಬತ್ತ ಹಳ್ಳಿ. ಮೂರನೇ ದಿನಾ ಬರೂದರಾಗ ಕುಣಿ ಮುಚ್ಚಿತ್ತು. ಅವತ್ತ ಅವ್ವ ಉಣ್ಣಲಿಲ್ಲ."

ಧುಪದಾಳಿ ಎಂದರೆ ಒಂದು ಹೆಣ್ಣು ಕುರಿ. ಆರು ವರ್ಷದ ಹಿಂದೆ ಹಿಂಡು ಧುಪದಾಳದ ಒಡ್ಡಿನ ಹತ್ತಿರ ಹೋಗುತ್ತಿದ್ದಾಗ ಜಡಿಮಳೆಯಲ್ಲಿ ಹುಟ್ಟಿದ ಮರಿ. ಹಣಮವ್ವ ಅದನ್ನು ಕಂಬಳಿಯೊಳಗೆ ಸುತ್ತಿ ಎದೆಗವಚಿಕೊಂಡು ಕೆಂಚನಟ್ಟಿಯವರೆಗೆ ನಡೆದು ತಂದಿದ್ದಳು. ಹೊಟ್ಟೆಯ ಮಕ್ಕಳಿಗೂ ಅಷ್ಟು ಮಾಡಿದ್ದಳೋ ಇಲ್ಲವೋ ಎಂದು ಮಾಯಾ ಆಗಾಗ ಕುಟುಕುತ್ತಿದ್ದಳು.

"ಅಂಕಿ ಹಂಗೈತಿ, ನಾ ಏನ್ ಮಾಡ್ಲಿ?" ಎಂದ ಭೀಮಶಿ.

"ಅಂಕಿ ಬರಕೊಂಡ ಬಂದಾವ್ರು ಯಾರ್ರಿ?"

ಉದ್ಭವಿಸುವುದಿಲ್ಲ ಎನ್ನುವ ಧೈರ್ಯ ಅವನಿಗೆ ಆಗಲಿಲ್ಲ.

ಗುರುವಾರ ಪ್ರಶ್ನೆ ಸದನಕ್ಕೆ ಬಂತು. ಸಚಿವರಿಗೆ ನಡುವೆ ಏನಾದರೂ ಮಾಹಿತಿ ಬೇಕಾದರೆ ಒದಗಿಸಲು ಅಧಿಕಾರಿಗಳು ಸದನದ ಬದಿಯ ಗ್ಯಾಲರಿಯಲ್ಲಿ ಕುಳಿತಿರಬೇಕು. ಉದ್ದಪ್ಪ ಸಾಹೇಬರು ಎರಡು ಡಬ್ಬಿ ಕರದಂಟಿನ ಜೊತೆಗೆ ಭೀಮಶಿಯನ್ನೂ ಕರೆದುಕೊಂಡು ಹೋದರು. ಅವನು ಫೈಲು ತೊಡೆಯ ಮೇಲಿಟ್ಟುಕೊಂಡು ತಲೆಯೆತ್ತಿ ನೋಡಿದರೆ, ಎದುರಿನ ಮೇಲ್ಗಡೆ ಪ್ರೇಕ್ಷಕರ ಗ್ಯಾಲರಿಯ ಮೊದಲ ಸಾಲಿನಲ್ಲಿ ಹಣಮವ್ವ. ಹೆಗಲ ಮೇಲೆ ಅದೇ ಕರಿ ಕಂಬಳಿ. ಅದನ್ನು ಹೊರಗೆ ಬಿಟ್ಟು ಬರಲು ಮಾರ್ಷಲ್ ಹೇಳಿದ್ದಕ್ಕೆ, ಇದನ್ನ ಬಿಟ್ಟರ ನನ್ನನ್ನೂ ಇಲ್ಲೇ ಬಿಡು ಎಂದಿದ್ದಳೆಂದು ಆಮೇಲೆ ತಿಳಿಯಿತು.

ಸಭಾಪತಿಗಳು ರಾವಸಾಹೇಬರ ಹೆಸರು ಕರೆದರು. ಸಚಿವರು ಎದ್ದು, "ಉತ್ತರ ಒದಗಿಸಿದ್ದೇನೆ" ಎಂದು ಕುಳಿತರು. ಅವರು ಮೈಸೂರು ಕಡೆಯವರು, ಜಗಳವನ್ನೂ ನಗುನಗುತ್ತ ಆಡುವ ಮನುಷ್ಯ.

ರಾವಸಾಹೇಬರು ಉತ್ತರದ ಹಾಳೆಯನ್ನು ಎತ್ತಿ ಹಿಡಿದರು. "ಸಭಾಪತಿಯವರ, ಇದನ್ನ ಓದಿ ನಗಬೇಕೋ ಅಳಬೇಕೋ ತಿಳೀವಲ್ದು. ಇಡೀ ಊರಾಗ ಇನ್ನೂರಾ ಹದಿನಾಕ ಕುರಿ ಅಂತ. ಅಷ್ಟು ಅಲ್ಲಿ ಎರಡ ಮೂರ ಮನಿಯೊಳಗ ಸಿಗತಾವು."

"ಒಟ್ಟು ಎಷ್ಟಿವೆ ಅಂತ ಸದಸ್ಯರೇ ಹೇಳಲಿ," ಎಂದರು ಸಚಿವರು.

"ಭಾಳ ಅದಾವು."

"ಭಾಳ ಅಂದರೆ?"

"ಭಾಳ ಅಂದ್ರ ಭಾಳ."

ಸದನಕ್ಕೆ ಸದನವೇ ನಕ್ಕಿತು. ಇದರಲ್ಲಿ ರಾವಸಾಹೇಬರ ತಪ್ಪೇನೂ ಇರಲಿಲ್ಲ. ಎಷ್ಟು ಸಲ ಕೇಳಿದರೂ ಹಣಮವ್ವ ಅವರಿಗೆ ಕೊಟ್ಟಿದ್ದ ಲೆಕ್ಕ ಅದೊಂದೇ.

"ಕುರಿ ಸಾಕಿದವರೇ ತಮ್ಮ ಬಾಯಿಂದ ಹೇಳಿದ ಸಂಖ್ಯೆ ನಾನು ಕೊಟ್ಟಿದ್ದೇನೆ," ಎಂದರು ಸಚಿವರು. "ಸದಸ್ಯರು ಭಾಳ ಅಂತಿದ್ದಾರೆ. ಯಾವುದನ್ನು ನಂಬೋಣ, ನೀವೇ ಹೇಳಿ."

ಮತ್ತೆ ನಗು. ಭೀಮಶಿ ಮೇಲೆ ನೋಡಿದ. ಹಣಮವ್ವ ಸಚಿವರನ್ನೂ ನೋಡುತ್ತಿರಲಿಲ್ಲ, ರಾವಸಾಹೇಬರನ್ನೂ ನೋಡುತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ತನ್ನ ಅಣ್ಣನ ಮಗನನ್ನು. ಸಿಟ್ಟಿನಿಂದ ನೋಡಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆ ಮುಖದಲ್ಲಿದ್ದದ್ದು ನಾಚಿಕೆ. ನಾಲ್ಕು ಜನ ದೊಡ್ಡವರ ನಡುವೆ ತನ್ನ ಮಾತು ಸುಳ್ಳಾಯಿತಲ್ಲ ಎಂಬ ನಾಚಿಕೆ.

ಅಷ್ಟರಲ್ಲಿ ಸಚಿವರ ಕಡೆಯಿಂದ ಒಂದು ಚೀಟಿ ಬಂತು. "214 ಖಚಿತವೇ?" ಎಂದಿತ್ತು.

"ಹೌದಂತ ಬರದ ಕೊಡು, ಲಗೂನ," ಎಂದು ಉದ್ದಪ್ಪ ಸಾಹೇಬರು ಮೆಲ್ಲಗೆ ಹೇಳಿ ಬೆವರು ಒರೆಸಿಕೊಂಡರು.

ಭೀಮಶಿ ಪೆನ್ನು ತೆಗೆದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಮೂರು ಮಾತುಗಳಲ್ಲಿ ಒಂದೂ ಕೆಲಸಕ್ಕೆ ಬರಲಿಲ್ಲ. ಬರೆದ: "ಕಾಗದದಲ್ಲಿ ಹೌದು. ನಿಜದಲ್ಲಿ ಅಲ್ಲ. ಎಣಿಸಿದವನು ನಾನೇ. ಸಂಖ್ಯೆ ಹೇಳಿದರೆ ಕುರಿಗಳಿಗೆ ದೃಷ್ಟಿಯಾಗುತ್ತದೆಂದು ಆ ಊರಿನವರು ಎಲ್ಲರೂ ನಾಲ್ಕೈದು ಎನ್ನುತ್ತಾರೆ. ನನಗೆ ಗೊತ್ತಿದ್ದೂ ಹಾಗೆಯೇ ಬರೆದುಕೊಂಡೆ. ಭೀಮಶಿ, ಗುಮಾಸ್ತ."

ಚೀಟಿ ಹೋಯಿತು. ಸಚಿವರು ಒಂದು ಸಲ ಓದಿದರು, ಕನ್ನಡಕ ಸರಿಮಾಡಿಕೊಂಡು ಇನ್ನೊಂದು ಸಲ ಓದಿದರು. ಆಮೇಲೆ ನಿಧಾನವಾಗಿ ಎದ್ದರು.

"ಮಾನ್ಯ ಸಭಾಪತಿಗಳೇ, ನಮ್ಮಜ್ಜಿಗೆ ಹನ್ನೊಂದು ಮಕ್ಕಳು. ಎಷ್ಟಮ್ಮ ಮಕ್ಕಳು ಅಂತ ಯಾರಾದರೂ ಕೇಳಿದರೆ, ಏನೋ ಇದಾವಪ್ಪ ಅನ್ನೋರು. ಕೆಂಚನಟ್ಟಿಯಲ್ಲೂ ಹಾಗೇ ಆಗಿದೆ ಅಂತ ಎಣಿಸಿದವರೇ ಬರೆದುಕೊಟ್ಟಿದ್ದಾರೆ. ಈ ಪ್ರಶ್ನೆಯನ್ನು ಮುಂದಿನ ಗುರುವಾರಕ್ಕೆ ತಡೆಹಿಡಿಯಿರಿ. ಅಷ್ಟರಲ್ಲಿ ಸರಿಯಾದ ಲೆಕ್ಕ ಬರಲಿ. ಎರಡು ಸಾವಿರ ದಾಟಿದರೆ ಕೇಂದ್ರ ಇಲ್ಲೇ ಮಂಜೂರು. ದಾಟದಿದ್ದರೆ ಸದಸ್ಯರು ಮತ್ತೆ ಈ ಮಾತು ಎತ್ತಬಾರದು."

ಮರಳುವಾಗ ಜೀಪಿನಲ್ಲಿ ಉದ್ದಪ್ಪ ಸಾಹೇಬರು ಒಂದು ಡಬ್ಬಿ ಕರದಂಟನ್ನು ಅರ್ಧ ಮುಗಿಸಿದರು. ಕೊನೆಗೆ ಹೇಳಿದರು, "ನಿನಗ ನೋಟಿಸ್ ಕೊಡಬೇಕಾಗತೈತಿ ಭೀಮಶಿ. ನಾಳಿಗೆ ಬರದ ತಾ, ಸಹಿ ಮಾಡ್ತೀನಿ." ಕಚೇರಿಯಲ್ಲಿ ನೋಟಿಸು ಬರೆಯುವವನೂ ಅವನೇ ಆಗಿದ್ದ. "ಗುರುವಾರ ಲೆಕ್ಕ ಸರಿ ಬಂತಂದ್ರ ಹರದ ಒಗಿಯೂಣು."

ಶುಕ್ರವಾರ ಭೀಮಶಿ ತನ್ನ ಮೇಲೆ ತಾನೇ ಒಂದು ಒಳ್ಳೆಯ ನೋಟಿಸು ಬರೆದು ಕೊಟ್ಟು ಕೆಂಚನಟ್ಟಿಗೆ ಹೋದ. ಸಮುದಾಯ ಭವನದಲ್ಲಿ ಊರು ಸೇರಿತು. ಅವನು ಹೇಳಿದ್ದನ್ನೆಲ್ಲ ಜನ ಬಹಳ ಗೌರವದಿಂದ ಕೇಳಿದರು. ಸಚಿವರ ಅಜ್ಜಿಯ ಮಾತಿಗೆ ಹೆಂಗಸರು ತಲೆ ಆಡಿಸಿದರು, ಅಜ್ಜಿ ಶಾಣ್ಯಾಕಿ ಎಂದರು. ಕೊನೆಗೆ ಯಾರ ಮನೆಯಲ್ಲಿ ಎಷ್ಟು ಎಂದು ಕೇಳಿದರೆ ಒಬ್ಬೊಬ್ಬರಾಗಿ ನಾಕೈದು ಎಂದು ಹೇಳಿ ಎದ್ದರು.

"ಅಂಕಿ ಹೇಳಿ ಡಾಕ್ಟರನ್ನ ತರೂದು," ಎಂದ ಹಿರಿಯ ದುಂಡಪ್ಪ, "ಅಂಕಿ ಹೇಳಿದ್ದಕ್ಕ ಬ್ಯಾನಿ ಬಿದ್ದು ಕುರೀನ ಹ್ವಾದ್ರ ಆ ಡಾಕ್ಟರನ್ನ ಕಟಗೊಂಡ ಏನ್ ಮಾಡೂದಪಾ?"

ಭೀಮಶಿ ಅತ್ತೆಯ ಕಡೆ ತಿರುಗಿದ. "ಅತ್ತಿ, ಪ್ರಶ್ನೆ ಕೇಳಿಸಿದಾಕಿ ನೀನ. ನೀನರ ಹೇಳ."

"ನನಗ ಡಾಕ್ಟರೂ ಬೇಕು, ಎಣಸೂದೂ ಬ್ಯಾಡ," ಎಂದಳು ಹಣಮವ್ವ. "ನನ್ನ ಹಿಂಡಿನ ಮ್ಯಾಲ ಕಣ್ಣ ಬಿದ್ರ ನಿನ್ನ ಸರಕಾರ ಬಂದು ನೀವಾಳಿಸಿ ಒಗಿತೈತೇನು?"

ಶನಿವಾರವೂ ಹೀಗೆಯೇ ಕಳೆಯಿತು. ಭೀಮಶಿಗೆ ನಿಜಕ್ಕೂ ಹೆದರಿಕೆಯಾಯಿತು. ನೋಟಿಸಿನ ಹೆದರಿಕೆಗಿಂತ ಹೆಚ್ಚಾಗಿ, ಮುಂದಿನ ಮಳೆಗಾಲಕ್ಕೂ ಈ ಊರು ಎರಡು ದಿನ ಹಾದಿ ನೋಡುತ್ತ ಕೂರುವಂತಾದರೆ ಅದಕ್ಕೆ ಕಾರಣ ತಾನೇ ಎಂಬ ಹೆದರಿಕೆ.

ಹಣಮವ್ವನ ಗಂಡ ಶಿದ್ರಾಮ ಆಗ ಹುಕ್ಕೇರಿ ಕಡೆ ಇದ್ದ. ಬೆಳೆ ಕೊಯ್ದ ಹೊಲಗಳಲ್ಲಿ ಗೊಬ್ಬರಕ್ಕೆಂದು ಅಲ್ಲಿನ ರೈತರು ಕುರಿಹಿಂಡು ಕೂಡಿಸಿಕೊಳ್ಳುತ್ತಾರೆ. ಭಾನುವಾರ ಅವನಿಗೆ ರೊಟ್ಟಿ ಒಯ್ಯಲು ಹಣಮವ್ವ ಹೊರಟಾಗ ಭೀಮಶಿ ಬೈಕು ತೆಗೆದ. ಹಾದಿಯುದ್ದಕ್ಕೂ ಅವಳು ಹಿಂದೆ ಕುಳಿತು ಅವನ ಬೈಕಿನ ವೇಗ, ಅವನ ಇಲಾಖೆ, ಅವನ ಚಿಕ್ಕಂದಿನ ಮೊಂಡುತನ ಎಲ್ಲದರ ಬಗ್ಗೆ ಮಾತಾಡಿದಳು. ಕುರಿಯ ಸುದ್ದಿ ಮಾತ್ರ ತೆಗೆಯಲಿಲ್ಲ.

ಅವರು ಹೊಲ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಶಿದ್ರಾಮ ಬಲೆಯ ಬೇಲಿ ಕಟ್ಟಿ ಒಂದು ಕಡೆ ದಾರಿ ಬಿಟ್ಟಿದ್ದ, ಕುರಿಗಳು ಒಳಗೆ ಹೋಗುತ್ತಿದ್ದವು. ಹಣಮವ್ವ ರೊಟ್ಟಿಯ ಗಂಟನ್ನು ಭೀಮಶಿಯ ಕೈಗೆ ಕೊಟ್ಟು ದಾರಿಯ ಬದಿಯಲ್ಲಿ ನಿಂತಳು. ಕೊನೆಯ ಕುರಿ ಒಳಹೋದ ಮೇಲೆ ಗಂಡನಿಗೆ ಹೇಳಿದಳು, "ಕಿವಿಹರಕಿ ಬಂದಿಲ್ಲ ನೋಡು. ಕಬ್ಬಿನಾಗ ಉಳದೈತಿ."

ಶಿದ್ರಾಮ ಬಾಜೂದ ಕಬ್ಬಿನೊಳಗೆ ಹೊಕ್ಕು, ಸ್ವಲ್ಪ ಹೊತ್ತಿಗೆ ಹರಿದ ಕಿವಿಯ ಒಂದು ಕುರಿಯನ್ನು ಹೊಡೆದುಕೊಂಡು ಬಂದ. ಭೀಮಶಿ ಬಾಯಿ ತೆರೆದು ನೋಡಿದ.

"ಎಣಸಲಾರದ ನಿನಗ ಹೆಂಗ ಗೊತ್ತಾತು ಅತ್ತಿ?"

"ಮನಿಗೆ ಮಕ್ಕಳು ಬಂದ್ರೋ ಇಲ್ಲೋ ನೋಡಾಕ ಎಣಸ್ತಾರೇನು? ಮಾರಿ ನೋಡ್ತಾರ."

ಭೀಮಶಿ ರೊಟ್ಟಿಯ ಗಂಟನ್ನು ಬೈಕಿನ ಮೇಲಿಟ್ಟ. ಜೇಬಿನಿಂದ ಪೆನ್ನು, ಹಾಳೆ ತೆಗೆದ. "ಹಂಗಾರ ಎಣಸಬ್ಯಾಡ. ಹೆಸರ ಹೇಳ. ಸಾಲ್ಯಾಗ ಹಾಜರಿ ಕೂಗತಾರಲ್ಲ, ಹಂಗ. ನಾ ಬರಕೊಂತೀನಿ."

ಹಣಮವ್ವ ಗಂಡನ ಮುಖ ನೋಡಿದಳು. ಹೆಸರಿಗೆ ದೃಷ್ಟಿಯಿಲ್ಲ, ದಿನಾ ಕೂಗುವುದೇ ಹೆಸರು ಎಂದು ಶಿದ್ರಾಮ ಗೊಣಗಿದ. ಅವಳು ಒಪ್ಪಿ ಒಂದು ಕರಾರು ಹಾಕಿದಳು. "ಬಾಜೂಕ ಒಂದು, ಎರಡು ಅಂತ ನಂಬರ ಹಾಕಬಾರ್ದು. ಕಡೀಕ ಕೂಡಸಬಾರ್ದು."

"ಹಾಕೂದಿಲ್ಲ. ನಿನ್ನಾಣಿ."

ಅವಳು ಬೇಲಿಗೆ ಕೈಯೂರಿ ಶುರು ಮಾಡಿದಳು. ಕರಿಮಾರಿ, ಬಿಳಿಮೂತಿ, ಜೋಲಗಿವಿ, ಕುಂಟಿ, ಮೋಟಬಾಲಿ. ತಾಯಿಯ ಹೆಸರು ಹೇಳಿ ಅದರ ಬೆನ್ನಿಗೆ ಮಗಳ ಹೆಸರು. ಮೂಡಲಗಿ ಸಂತೆಯಿಂದ ತಂದದ್ದು ಸಂತೆವ್ವ, ಮಮದಾಪುರದ ಬೀಗರು ಕೊಟ್ಟದ್ದು ಬೀಗತಿ. ಭೀಮಶಿಯ ಪೆನ್ನು ಓಡಿತು.

"ಧುಪದಾಳಿ," ಎಂದಳು ಹಣಮವ್ವ, "ಅಕಿ ಮಗಳು ಭೋಂಗಿ. ಗೋಕಾಕ ಫಾಲ್ಸಿನ ಮಿಲ್ಲಿನ ಭೋಂಗಾ ಹೊಡದಂಗ ಒದರತೈತಿ, ಅದಕ್ಕ." ಮುಂದಿನ ಹೆಸರು ಬರಲಿಲ್ಲ. ಭೀಮಶಿ ತಲೆಯೆತ್ತಿದ. ಅವಳು ಬೇಲಿಯಿಂದ ಕೈ ತೆಗೆದಿದ್ದಳು. "ಧುಪದಾಳಿ ಇಲ್ಲಲಾ," ಎಂದಳು. "ಬಾಯಾಗ ಬಂದ್ಬಿಡ್ತು. ಹೊಡದ ಹಾಕು."

ಭೀಮಶಿ ಆ ಹೆಸರಿನ ಮೇಲೆ ಒಂದು ಗೆರೆ ಎಳೆದ. ಗೀಚಿ ಅಳಿಸಲು ಅವನಿಗೆ ಕೈ ಬರಲಿಲ್ಲ. ಗೆರೆಯ ಕೆಳಗೆ ಹೆಸರು ಓದುವಂತೆಯೇ ಉಳಿಯಿತು.

ಹಣಮವ್ವ ಹೆಸರು ಕೊಟ್ಟಳೆಂಬ ಸುದ್ದಿ ಅವಳಿಗಿಂತ ಮೊದಲು ಕೆಂಚನಟ್ಟಿ ಮುಟ್ಟಿತು. ಸೋಮವಾರ, ಮಂಗಳವಾರ ಎರಡೂ ದಿನ ತವರಿಗೆ ಬಂದಿದ್ದ ಮಾಯಾ ಮತ್ತು ಊರಿನ ಸ್ವಸಹಾಯ ಸಂಘದ ಹೆಂಗಸರು ಸಮುದಾಯ ಭವನದಲ್ಲಿ ಕುಳಿತು ಬರೆದರು. ಹಿಂಡಿನ ಜೊತೆ ದೂರ ಹೋದವರು ಹೊಲದಿಂದಲೇ ಫೋನು ಮಾಡಿ ಬರೆಸಿದರು. ದುಂಡಪ್ಪನಂತೂ ಬರೆಸಿದ ಮೇಲೆ ಮತ್ತೆ ಓದಿಸಿ ಕೇಳಿದ, ಒಂದು ಟಗರಿನ ಹೆಸರು ಬಿಟ್ಟುಹೋಗಿದೆಯೆಂದು ಜಗಳ ತೆಗೆದ. ಹೇಳುವ ಭರದಲ್ಲಿ ಸತ್ತ ಕುರಿಗಳ ಹೆಸರುಗಳೂ ಬಾಯಿಗೆ ಬರುತ್ತಿದ್ದವು. ಭೀಮಶಿ ಎಲ್ಲವಕ್ಕೂ ಹಾಗೆಯೇ ಒಂದೊಂದು ಗೆರೆ ಎಳೆಯಲು ಹೇಳಿದ್ದ.

ಬುಧವಾರ ಹಾಳೆಗಳ ಕಟ್ಟು ನೋಡಿ ಉದ್ದಪ್ಪ ಸಾಹೇಬರು ಗಾಬರಿಯಾದರು. "ಏನೋ ಇದು? ಕ್ರಮಸಂಖ್ಯೆ ಇಲ್ಲದ ಅನುಬಂಧ ಎಲ್ಲೇರ ಇರತೈತೇನು?"

"ಹಾಕೂದಿಲ್ಲಂತ ಆಣಿ ಮಾಡೀನ್ರಿ ಸರ್. ಹಾಕಿದ್ರ ನಾ ಆ ಊರಾಗ ಕಾಲಿಡಾಂಗಿಲ್ಲ, ಮನ್ಯಾಗಂತೂ ಮೊದಲ ಇಡಾಂಗಿಲ್ಲ. ಒಂದ ಹಾಳಿಗೆ ನಲವತ್ತ ಸಾಲ ಅದಾವ್ರಿ. ಹಾಳಿ ಎಷ್ಟ ಅದಾವಂತ ನೀವ ನೋಡ್ಕೋರಿ."

ಸಾಹೇಬರು ಹಾಳೆ ತಿರುವುತ್ತ ತುಟಿಯಲ್ಲೇ ಲೆಕ್ಕ ಹಾಕಿದರು, ಎರಡು ಸಾವಿರ ದಾಟುತ್ತಲೇ ಹುಬ್ಬು ಮೇಲೇರಿತು. ಮೇಜಿನ ಖಾನೆಯಿಂದ ಶುಕ್ರವಾರದ ನೋಟಿಸು ತೆಗೆದು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು.

ಗುರುವಾರ ತಡೆಹಿಡಿದ ಪ್ರಶ್ನೆ ಮತ್ತೆ ಬಂತು. ಸಚಿವರು ದಪ್ಪ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದರು. "ಕೆಂಚನಟ್ಟಿಯ ಕುರಿಗಳ ಪಟ್ಟಿಯನ್ನು ಹೆಸರುಸಮೇತ ಸದನದ ಮೇಜಿನ ಮೇಲೆ ಇಡುತ್ತಿದ್ದೇನೆ. ನನ್ನ ರಾಜಕೀಯ ಜೀವನದಲ್ಲಿ ಇಂಥ ಅನುಬಂಧ ನೋಡಿಲ್ಲ. ಒಬ್ಬಳು ಬೀಗತಿ, ಒಬ್ಬಳು ಸಂತೆವ್ವ, ಇನ್ನೊಬ್ಬಳು ಭೋಂಗಿ." ಸದನ ನಕ್ಕಿತು. ಅವರೂ ನಗುತ್ತ ಹಾಳೆ ತಿರುವಿದವರು ತಟ್ಟನೆ ನಿಂತರು. "ಅಲ್ಲಲ್ಲಿ ಕೆಲವು ಹೆಸರು ಹೊಡೆದುಹಾಕಿದ್ದಾರೆ. ಇಲ್ಲೊಂದು ಧುಪದಾಳಿ ಅಂತಿದೆ. ಇವು ಯಾಕೆ?"

ರಾವಸಾಹೇಬರು ಎದ್ದರು. ಈ ಸಲ ಅವರಿಗೆ ಹಣಮವ್ವ ಎಲ್ಲ ಹೇಳಿ ಕಳಿಸಿದ್ದಳು.

"ಸಭಾಪತಿಯವರ, ಅವು ಡಾಕ್ಟರ್ ಬರೂದರಾಗ ಸತ್ತವು. ಸತ್ತಾವಂತ ಗೊತ್ತೈತಿ, ಆದ್ರೂ ಕೂಗೂ ಮುಂದ ಬಾಯಾಗ ಹೆಸರ ಬರತಾವ. ಮಕ್ಕಳಂಗ ಸಾಕಿದ ಮಂದಿ."

ಯಾರೂ ನಗಲಿಲ್ಲ. ಸಚಿವರು ಹಾಳೆಗಳನ್ನು ಒಂದೊಂದಾಗಿ ತಿರುವುತ್ತ ಗೆರೆ ಎಳೆದ ಹೆಸರುಗಳನ್ನು ಹುಡುಕಿ ಓದಿದರು. ಕಟ್ಟನ್ನು ಮುಚ್ಚಿದಾಗ ಅವರ ದನಿ ಇಳಿದಿತ್ತು.

"ಕೇಂದ್ರ ಮಂಜೂರು ಮಾಡಿದ್ದೇನೆ. ಯುಗಾದಿಯೊಳಗೆ ಅಲ್ಲಿಗೆ ವೈದ್ಯರು ಬರುತ್ತಾರೆ. ಇದು ಸದನಕ್ಕೆ ನಾನು ಕೊಡುತ್ತಿರುವ ಭರವಸೆ."

ಹಿಂದಿನ ಸಾಲಿನಿಂದ ಒಬ್ಬ ಸದಸ್ಯರು ಎದ್ದರು. "ಮಂಜೂರು ಸರಿ ಸ್ವಾಮಿ, ಆದರೆ ಒಟ್ಟು ಎಷ್ಟು ಕುರಿ ಅನ್ನೋದನ್ನ ಹೇಳಲೇ ಇಲ್ಲವಲ್ಲ?"

ಸಚಿವರು ತಲೆಯೆತ್ತಿ ಪ್ರೇಕ್ಷಕರ ಗ್ಯಾಲರಿಯ ಕಡೆ ನೋಡಿದರು. ಅಲ್ಲಿ ಕರಿ ಕಂಬಳಿಯ ಹೆಂಗಸೊಬ್ಬಳು ಉಸಿರು ಬಿಗಿಹಿಡಿದು ಕುಳಿತಿದ್ದಳು.

"ಭಾಳ ಇವೆ," ಎಂದರು.

"ಭಾಳ ಅಂದರೆ?"

"ಭಾಳ ಅಂದರೆ ಭಾಳ."

ಹೊರಗೆ ಮೆಟ್ಟಿಲುಗಳ ಮೇಲೆ ಬಿಸಿಲು ಬಿದ್ದಿತ್ತು. ಹಣಮವ್ವ ಇಳಿದು ಬಂದು ಭೀಮಶಿಯ ಎದುರು ನಿಂತಳು.

"ಭೀಮಶಿ, ಧುಪದಾಳಿ ಹೆಸರು ಆ ಕಾಗದದಾಗ ಹಂಗ ಇರತೈತೇನು?"

"ಇರತೈತಿ ಅತ್ತಿ. ಸದನದ ಮೇಜಿನ ಮ್ಯಾಲ ಇಟ್ಟಾರ. ಇನ್ನ ಅದನ್ನ ಯಾರಿಗೂ ತಗಿಯಾಕ ಬರೂದಿಲ್ಲ."

ಅವಳು ಕಂಬಳಿಯ ಅಂಚಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಮಳೆಗಾಲದಿಂದ ತಡೆದಿಟ್ಟುಕೊಂಡ ಅಳು ಅದು. ಭೀಮಶಿ ಅವಳ ಹೆಗಲಿನಿಂದ ಜಾರುತ್ತಿದ್ದ ಕಂಬಳಿಯನ್ನು ಎತ್ತಿ ಹಿಡಿದುಕೊಂಡ. ಸ್ವಲ್ಪ ಹೊತ್ತಿಗೆ ಅವಳು ಕಣ್ಣೊರೆಸಿಕೊಂಡು ಜೀಪಿನ ಕಡೆ ನಡೆದಳು. ಅಲ್ಲಿ ಅವಳು ಬೆಳಿಗ್ಗೆ ಇಟ್ಟಿದ್ದ ರೊಟ್ಟಿಯ ಗಂಟು ಸೀಟಿನ ಅರ್ಧ ಜಾಗ ಹಿಡಿದು ಕುಳಿತಿತ್ತು.

"ನಡಿ, ಉಣ್ಣೂಣು. ಹಸಿವಿ ಆಗೇತಿ," ಎಂದಳು. "ನಿಮ್ಮ ಸಾಹೇಬರನ್ನೂ ಕರಿ."

ಭೀಮಶಿ ಗಂಟನ್ನು ಎತ್ತಿ ನೋಡಿದ. ಎತ್ತಲು ಎರಡು ಕೈ ಬೇಕಾದವು. "ಎಷ್ಟ ರೊಟ್ಟಿ ತಂದೀ ಅತ್ತಿ?"

"ಏನೋಪಾ," ಎಂದಳು ಹಣಮವ್ವ. "ನಾಕೈದು ಅದಾವ."